ಗಣಿತಕ್ಕೆ ಮಕ್ಕಳನ್ನ ಗುಂಪು ಮಾಡೋದು ಹೇಗೆ? ಮಟ್ಟದ ಗುಂಪು, ಮಿಶ್ರ ಗುಂಪು, ಮೂಲೆಗಳು, ಜೋಡಿ, ಚಾಪೆ: ನಿಮ್ಮ ಕ್ಲಾಸಿಗೆ ಯಾವ್ದು ಹೊಂದತ್ತೆ

ಸೇತುಬಂಧ, ಅಂದ್ರೆ ವರ್ಷದ ಶುರುಲಿ ಹಿಂದಿನ ತರಗತಿ ಕಲಿಕೆನ ನೆನಪಿಸೋ ದಿನಗಳು, ಮುಗಿದು ಪಾಠ ಶುರು ಮಾಡೋ ಹೊತ್ತಿಗೆ ನಮ್ಮ ಕಡೆ ಟೀಚರುಗಳು ಕೇಳೋ ಪ್ರಶ್ನೆ ಪ್ರತಿ ವರ್ಷ ಒಂದೇ. ಗಣಿತಕ್ಕೆ ಚಿಕ್ಕ ಚಿಕ್ಕ ಗುಂಪು ಮಾಡ್ಕೊಳ್ಳಿ ಅಂತ ಟ್ರೈನಿಂಗಲ್ಲಿ ಹೇಳ್ತಾರೆ ಸರಿ, ಆದ್ರೆ ಯಾವ ಲೆಕ್ಕದಲ್ಲಿ ಮಾಡೋದು, ಲೆಕ್ಕ ಬರೋ ಮಕ್ಕಳನ್ನ ಒಂದ್ ಕಡೆ ಬಾರದೇ ಇರೋರನ್ನ ಒಂದ್ ಕಡೆ ಕೂರಿಸಿದ್ರೆ ಅವರ ಮನಸ್ಸಿಗೆ ನೋವಾಗಲ್ವಾ, ಎಲ್ಲರನ್ನೂ ಬೆರೆಸಿ ಕೂರಿಸಿದ್ರೆ ಜಾಣ ಹುಡುಗಿ ಒಬ್ಳೇ ಮಾಡಿ ಉಳಿದೋರು ಕಾಪಿ ಹೊಡೀತಾರಲ್ವಾ, ಎರಡು ಕ್ಲಾಸಿಗೆ ನಾನೊಬ್ಳೇ ಇರೋದು, ಒಂದು ಗುಂಪಿನ ಜೊತೆ ಕೂತ್ರೆ ಉಳಿದ ಗುಂಪುಗಳು ಸಂತೆ ಮಾಡಲ್ವಾ. ಮೂರೂ ನ್ಯಾಯವಾದ ಪ್ರಶ್ನೆಗಳೇ. ನಾನು 4 ಮತ್ತು 5ನೇ ತರಗತಿನ ಒಟ್ಟಿಗೆ ತಗೊಳ್ಳೋ ಸರ್ಕಾರಿ ಶಾಲೆ ಟೀಚರ್, 28 ಮಕ್ಕಳು, ಒಂದೇ ರೂಮು, 40 ನಿಮಿಷದ ಪೀರಿಯಡ್ಡು. ಒಂದೊಂದು ವರ್ಷ ಒಂದೊಂದು ಥರ ಮಾಡಿ ನೋಡಿದೀನಿ, ಕೆಲವು ಚೆನ್ನಾಗಿ ಆಯ್ತು, ಕೆಲವು ಎರಡೇ ವಾರದಲ್ಲಿ ಬಿಟ್ಟೆ, ಅದನ್ನೆಲ್ಲ ಒಂದ್ ಕಡೆ ಇಡ್ತಾ ಇದೀನಿ.

ಗುಂಪು ಯಾಕೆ ಬೇಕು ಅನ್ನೋದನ್ನ ಒಂದು ಉದಾಹರಣೆಲಿ ಹೇಳ್ಬಿಡ್ತೀನಿ. ವರ್ಷದ ಶುರುಲಿ "ಮುನ್ನೂರ ಐದು" ಬರೀರಿ ಅಂದ್ರೆ ಏಳೆಂಟು ಮಕ್ಕಳು 3005 ಅಂತ ಬರೀತಾರೆ. ಕಿವಿಗೆ ಕೇಳಿದ್ದು ಮುನ್ನೂರು, ಆಮೇಲೆ ಐದು, ಹಾಗಾಗಿ 300 ಬರೆದು ಪಕ್ಕದಲ್ಲಿ 5 ಇಡ್ತಾರೆ, ಅವರ ಪ್ರಕಾರ ಅದು ಸರಿನೇ. ಇನ್ನೊಂದಷ್ಟು ಮಕ್ಕಳು 52ರಲ್ಲಿ 27 ಕಳೆದ್ರೆ 35 ಅಂತಾರೆ, ಯಾಕಂದ್ರೆ ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗಲ್ಲ ಅಂತ ಉಲ್ಟಾ ಮಾಡಿ 7ರಲ್ಲಿ 2 ಕಳೀತಾರೆ. ಅದೇ ರೂಮಲ್ಲಿ ಇನ್ನೊಂದು ಮಗು ಭಾಗಾಕಾರ ಮಾಡಿ ಶೇಷ ಬರೆದು ಮುಗಿಸಿ ಕಿಟಕಿ ಆಚೆ ನೋಡ್ತಾ ಕೂತಿರತ್ತೆ. ಬೋರ್ಡ್ ಮುಂದೆ ನಿಂತು ಎಲ್ಲರಿಗೂ ಒಂದೇ ಲೆಕ್ಕ ಹಾಕ್ಸಿದ್ರೆ ಈ ಮೂರು ಥರದ ಮಕ್ಕಳಲ್ಲಿ ಯಾರಿಗೂ ಸರಿಯಾಗಿ ಸಿಗಲ್ಲ. 3005 ಬರೆದ ಮಗು ಪಕ್ಕ ಕೂತು ಅದರ ಕೈ ನೋಡ್ತಾ "ಯಾಕೆ ಹಿಂಗ್ ಬರ್ದೆ ಪುಟ್ಟಾ" ಅಂತ ಕೇಳೋಕೆ ಟೀಚರಿಗೆ ಹತ್ತು ನಿಮಿಷ ಸಿಗ್ಬೇಕು. ಯಾವ ಪದ್ಧತಿ ಆರಿಸ್ಕೊಂಡ್ರೂ ನೋಡ್ಬೇಕಾದ್ದು, ಈ ಹತ್ತು ನಿಮಿಷ ನನಗೆ ಸಿಗತ್ತಾ ಇಲ್ವಾ ಅನ್ನೋದನ್ನೇ.

ಆರಿಸೋ ಮುಂಚೆ ಇವಿಷ್ಟು ನೋಡ್ಕೊಳ್ಳಿ

ಮೊದಲನೇದು ನಿಮ್ಮ ಕ್ಲಾಸಲ್ಲಿ ಎಷ್ಟು ಮಟ್ಟ ಇದೆ ಅನ್ನೋದು. ಎಷ್ಟು ಮಕ್ಕಳು ಅನ್ನೋದಕ್ಕಿಂತ ಇದು ಮುಖ್ಯ. 45 ಮಕ್ಕಳಿದ್ದೂ ಹೆಚ್ಚುಕಮ್ಮಿ ಒಂದೇ ಕಡೆ ಇರೋ ಕ್ಲಾಸು ಇರತ್ತೆ, 18 ಮಕ್ಕಳಿದ್ದೂ ಐದು ಮಟ್ಟ ಇರೋ ಕ್ಲಾಸೂ ಇರತ್ತೆ. ಇದನ್ನ ಲಿಖಿತ ಪರೀಕ್ಷೆಲಿ ಕಂಡುಹಿಡಿಯೋಕೆ ಹೋಗ್ಬೇಡಿ, ಒಬ್ಬೊಬ್ಬರನ್ನೇ ಕರೆದು ಬಾಯಲ್ಲಿ ಕೇಳಿ. ಮಕ್ಕಳ ಶಿಕ್ಷಣಕ್ಕೆ ಕೆಲಸ ಮಾಡೋ ಪ್ರಥಮ್ ಸಂಸ್ಥೆಯವರು 2005ರಿಂದ ಅಸರ್ ಅನ್ನೋ ಹಳ್ಳಿ ಮಕ್ಕಳ ಓದು-ಲೆಕ್ಕದ ಸಮೀಕ್ಷೆಲಿ ಬಳಸ್ತಿರೋ ಮೆಟ್ಟಿಲೇ ಸಾಕಾಗತ್ತೆ: ಒಂದಂಕಿ ಗುರುತಿಸ್ತಾರಾ, ಎರಡಂಕಿ ಗುರುತಿಸ್ತಾರಾ, ಎರಡಂಕಿ ಕಳೆಯೋ ಲೆಕ್ಕ ದಶಕ ಸಹಿತ (ಅಂದ್ರೆ ಪಕ್ಕದ ಹತ್ತರ ಸ್ಥಾನದಿಂದ ಸಾಲ ತಗೊಂಡು) ಮಾಡ್ತಾರಾ, ಮೂರಂಕಿನ ಒಂದಂಕಿಯಿಂದ ಭಾಗಿಸ್ತಾರಾ. ಒಂದು ಮಗುಗೆ ನಾಲ್ಕು ನಿಮಿಷ ಅಂತಿಟ್ಕೊಂಡ್ರೆ 28 ಮಕ್ಕಳಿಗೆ ಹತ್ರ ಹತ್ರ ಎರಡು ಗಂಟೆ, ನಾನು ಮೂರು ದಿನಕ್ಕೆ ಹಂಚ್ಕೊಂಡು ಮಾಡ್ತೀನಿ, ಉಳಿದೋರು ಆ ಹೊತ್ತಲ್ಲಿ ಚಿತ್ರನೋ ಕಾಪಿರೈಟಿಂಗೋ ಮಾಡ್ತಿರ್ತಾರೆ.

ಎರಡನೇದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ನೀವು ಒಂದು ಗುಂಪಿನ ಜೊತೆ ಕೂತಾಗ ಉಳಿದ ಮಕ್ಕಳು ನಿಮ್ಮನ್ನ ಕೇಳದೇ ಹದಿನೈದು ನಿಮಿಷ ಏನ್ ಮಾಡ್ತಾರೆ. ಇದಕ್ಕೆ ಉತ್ತರ ಇಲ್ದೇ ಯಾವ ಗುಂಪು ಮಾಡಿದ್ರೂ ನಡಿಯಲ್ಲ, ನಾನು ಬಿಟ್ಟಿದ್ದೆಲ್ಲ ಇದೇ ಕಾರಣಕ್ಕೆ ಬಿಟ್ಟಿದ್ದು.

ಆಮೇಲೆ ಸಮಯ, ಜಾಗ, ನಿಮ್ಮ ತಯಾರಿ. 40 ನಿಮಿಷದ ಪೀರಿಯಡ್ಡಾ ಅಥ್ವಾ ಎರಡು ಪೀರಿಯಡ್ ಸೇರಿಸಿ 80 ನಿಮಿಷ ಮಾಡ್ಕೊಳ್ಳೋಕೆ ಆಗತ್ತಾ, ನೆಲದ ಮೇಲೆ ಕೂರೋ ಮಕ್ಕಳಾ ಅಥ್ವಾ ಅಲ್ಲಾಡಿಸೋಕೆ ಆಗದ ಉದ್ದ ಬೆಂಚಾ, ದಿನಾ ಸಂಜೆ ನಾಲ್ಕು ಥರದ ವರ್ಕ್‌ಶೀಟ್ ಬರೆಯೋಕೆ ನಿಮಗೆ ನಿಜವಾಗ್ಲೂ ಆಗತ್ತಾ. ಇಲ್ಲಿ ನಿಮಗೆ ನೀವೇ ಸುಳ್ಳು ಹೇಳ್ಕೋಬೇಡಿ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬೋ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಸಮಾಲೋಚನಾ ಸಭೆ ಎಲ್ಲ ಮುಗಿಸಿ ಮನೆಗೆ ಹೋಗಿ ಎಷ್ಟು ಶಕ್ತಿ ಉಳಿದಿರತ್ತೆ ಅಂತ ಗೊತ್ತಲ್ಲ. ಕೊನೇದು ಮಗುವಿನ ಮರ್ಯಾದೆ, ಇದು ಮಟ್ಟದ ಗುಂಪಿನ ಜೊತೆನೇ ಬರೋ ವಿಷ್ಯ, ಅಲ್ಲೇ ಹೇಳ್ತೀನಿ.

ಮಟ್ಟದ ಗುಂಪು

ಅಂದ್ರೆ 4ನೇ ಕ್ಲಾಸು 5ನೇ ಕ್ಲಾಸು ಅನ್ನೋದನ್ನ ಆ ಹೊತ್ತಿಗೆ ಮರೆತು ಯಾರಿಗೆ ಏನ್ ಬರತ್ತೆ ಅನ್ನೋದರ ಮೇಲೆ ಕೂರಿಸೋದು. ಪ್ರಥಮ್‌ನವರು ಬೆಳೆಸಿದ್ದು ಇದೇ ದಾರಿ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರೆಲ್ಲ ವರ್ಷಗಟ್ಲೆ ಅಧ್ಯಯನ ಮಾಡಿದ್ದೂ ಇದನ್ನ, ನಮ್ಮ ರಾಜ್ಯದಲ್ಲಿ 4-5ನೇ ತರಗತಿಗೆ ಓದು ಕರ್ನಾಟಕ ಅನ್ನೋ ಕಾರ್ಯಕ್ರಮ ಬಂದಾಗ ತುಂಬಾ ಜನ ಟೀಚರುಗಳು ಮಾಡಿರ್ತೀರಿ. ನನ್ನ ಕ್ಲಾಸಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು ಬೀಳತ್ತೆ: ಎರಡಂಕಿ ಸಂಖ್ಯೆ ಓದೋಕೇ ತಡವರಿಸೋರು, ದಶಕ ರಹಿತ ಕೂಡು ಕಳೆ ಬರತ್ತೆ ದಶಕ ಸಹಿತ ಬರಲ್ಲ ಅನ್ನೋರು, ಕೂಡು ಕಳೆ ಬರತ್ತೆ ಗುಣಾಕಾರ ಇನ್ನೂ ಆಗಿಲ್ಲ ಅನ್ನೋರು, ಭಾಗಾಕಾರಕ್ಕೆ ರೆಡಿ ಇರೋರು.

ಸಂಖ್ಯೆ ಮತ್ತೆ ನಾಲ್ಕು ಮೂಲ ಕ್ರಿಯೆಗಳಿಗೆ ಇದಕ್ಕಿಂತ ಬೇಗ ಫಲ ಕೊಡೋ ಪದ್ಧತಿ ನಾನು ನೋಡಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹೋಗೋ ವಿಷಯ ಅದು, ಸ್ಥಾನಬೆಲೆ ಗೊತ್ತಿಲ್ದೇ ದಶಕ ಸಹಿತ ಕಳೆಯೋದು ಬರೋಕೆ ಸಾಧ್ಯನೇ ಇಲ್ಲ, ಹಾಗಾಗಿ ಒಂದೇ ಮೆಟ್ಟಿಲಲ್ಲಿ ನಿಂತಿರೋ ಆರು ಮಕ್ಕಳು ಒಟ್ಟಿಗೆ ಸಿಕ್ರೆ ಹದಿನೈದು ನಿಮಿಷದಲ್ಲಿ ಆಗೋ ಕೆಲಸ ಬೇರೆ ಥರ ಒಂದು ವಾರಕ್ಕೂ ಆಗಲ್ಲ. 52 ಕಳೆ 27ನ್ನ ಕಡ್ಡಿ ಕಟ್ಟಲ್ಲಿ ಮಾಡ್ಸಿ ನೋಡಿ. ಐದು ಹತ್ತರ ಕಟ್ಟು, ಎರಡು ಬಿಡಿ ಕಡ್ಡಿ. 27 ಕೊಡಪ್ಪಾ ಅಂದ್ರೆ ಮಗು ಎರಡು ಕಟ್ಟು ಕೊಟ್ಟು ಏಳು ಬಿಡಿ ಕಡ್ಡಿಗೆ ತಡಕಾಡತ್ತೆ, ಇಲ್ಲ ಮಿಸ್ ಅನ್ನತ್ತೆ, ಸುಮ್ನಿರಿ, ನೀವು ಹೇಳ್ಬೇಡಿ, ಯಾವುದೋ ಒಂದು ಮಗು ತಾನಾಗೇ ರಬ್ಬರ್ ಬ್ಯಾಂಡ್ ಬಿಚ್ಚತ್ತೆ. ಆ ಬಿಚ್ಚಿದ ಕ್ಷಣ ಉಳಿದ ಐದು ಮಕ್ಕಳೂ ನೋಡ್ತಾರೆ, ಯಾಕಂದ್ರೆ ಎಲ್ಲರೂ ಅಲ್ಲೇ ಸಿಕ್ಕಾಕೊಂಡಿದ್ರು. ಮಿಶ್ರ ಗುಂಪಲ್ಲಿ ಈ ಕ್ಷಣನ ಮೊದಲೇ ಬಲ್ಲ ಮಗು ಕಿತ್ಕೊಂಡುಬಿಡತ್ತೆ.

ಕಷ್ಟ ಎರಡು. ಒಂದು, ಕೆಳಗಿನ ಮೆಟ್ಟಿಲಿನ ಗುಂಪಿಗೆ ಸ್ವಂತವಾಗಿ ಕೆಲಸ ಮಾಡೋಕೆ ಬರಲ್ಲ, ಪ್ರಶ್ನೆ ಓದೋಕೇ ಕಷ್ಟ ಇರತ್ತೆ, ಟೀಚರ್ ಎದ್ದು ಹೋದ್ರೆ ಅವರ ಕೆಲಸ ನಿಂತು ಹೋಗತ್ತೆ. ಒಬ್ಬರೇ ಟೀಚರ್ ಇದ್ರೆ ಇದು ದೊಡ್ಡ ತೊಂದರೆ. ಇಬ್ಬರಿದ್ರೆ, 4ನೇ ಕ್ಲಾಸಿನವರು 5ನೇ ಕ್ಲಾಸಿನವರು ಒಂದೇ ಹೊತ್ತಿಗೆ ಗಣಿತ ಇಟ್ಕೊಂಡು ಒಬ್ಬರು ಕೆಳಗಿನ ಎರಡು ಮಟ್ಟ ಇನ್ನೊಬ್ಬರು ಮೇಲಿನ ಎರಡು ಮಟ್ಟ ತಗೊಂಡ್ರೆ ಬೇರೆ ಏನೂ ಯೋಚ್ನೆ ಮಾಡೋದೇ ಬೇಡ, ಇದನ್ನೇ ಮಾಡಿ.

ಎರಡನೇ ಕಷ್ಟ ಮರ್ಯಾದೆದು. ಒಂದು ವರ್ಷ ನಾನು ಗುಂಪುಗಳಿಗೆ ಹೂವಿನ ಹೆಸರಿಟ್ಟಿದ್ದೆ, ಮಲ್ಲಿಗೆ, ಸಂಪಿಗೆ, ಕನಕಾಂಬರ, ಸೇವಂತಿಗೆ, ಯಾರಿಗೂ ಗೊತ್ತಾಗಲ್ಲ ಅನ್ಕೊಂಡಿದ್ದೆ. ಒಂದಿನ ಶಾಲೆ ಬಿಟ್ಟಾಗ ಒಬ್ಬ ಹುಡುಗನ ಅಮ್ಮ ಗೇಟ್ ಹತ್ರ ನಿಲ್ಸಿ "ಮಿಸ್, ನನ್ ಮಗ ಸೇವಂತಿಗೆಲಿದಾನಂತೆ, ಅದು ದಡ್ಡರ ಗುಂಪಂತೆ ಹೌದಾ" ಅಂದ್ರು. ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಮಕ್ಕಳಿಗೆ ಮೂರೇ ದಿನದಲ್ಲಿ ಗೊತ್ತಾಗತ್ತೆ, ಹೆಸರು ಏನಿಟ್ರೂ ಗೊತ್ತಾಗತ್ತೆ. ಗುಂಪು ದಿನಪೂರ್ತಿ ಇದ್ದು ವರ್ಷಪೂರ್ತಿ ಹಾಗೇ ಉಳಿದ್ರೆ ನೋವಾಗತ್ತೆ, ಗಣಿತದ ಒಂದು ಪೀರಿಯಡ್ಡಿಗೆ ಮಾತ್ರ ಇದ್ದು ಮೂರು ವಾರಕ್ಕೊಂದ್ಸಲ ಮಕ್ಕಳು ಕಣ್ಣೆದುರೇ ಮುಂದಿನ ಗುಂಪಿಗೆ ಹೋಗ್ತಾ ಇದ್ರೆ ಅಷ್ಟು ಅಂಟಲ್ಲ. ಈಗ ನಾನು ಹೆಸರೇ ಇಡಲ್ಲ, "ಇವತ್ತು ಕಡ್ಡಿ ಕೆಲಸದೋರು ಇಲ್ಲಿ, ಮಗ್ಗಿ ಕೆಲಸದೋರು ಅಲ್ಲಿ" ಅಂತ ಕೆಲಸದ ಹೆಸರಲ್ಲೇ ಕರೀತೀನಿ.

ಮಿಶ್ರ ಗುಂಪು

ಬೇರೆ ಬೇರೆ ಮಟ್ಟದ ನಾಲ್ಕೈದು ಮಕ್ಕಳು ಒಟ್ಟಿಗೆ. ತಯಾರಿ ಕಡಿಮೆ, ಎಲ್ಲರಿಗೂ ಒಂದೇ ಕೆಲಸ, ಮಕ್ಕಳು ಅವರವರೇ ಮಾತಾಡ್ಕೊಂಡು ಮಾಡ್ತಾರೆ, ಟೀಚರ್ ಓಡಾಡ್ತಾ ನೋಡ್ಬಹುದು. ಅಳತೆ, ಆಕೃತಿ, ದುಡ್ಡು, ಗಡಿಯಾರ, ದತ್ತಾಂಶ, ಮಾತಿನ ಲೆಕ್ಕ ಇಂಥವಕ್ಕೆ ನಾನು ಬೇರೆ ಏನೂ ಮಾಡಲ್ಲ, ಇದೇ. ಶಾಲೆ ಅಂಗಳ ಎಷ್ಟು ಮೀಟರ್ ಉದ್ದ ಅಂತ ಟೇಪ್ ಹಿಡಿದು ಅಳೆಯೋಕೆ, ಯಾರ ಮನೇಲಿ ಎಷ್ಟು ದನ ಎಷ್ಟು ಕೋಳಿ ಅಂತ ಲೆಕ್ಕ ತಂದು ಗೋಡೆ ಮೇಲೆ ಚಿತ್ರನಕ್ಷೆ ಹಾಕೋಕೆ, ಸುಳ್ಳೇ ಸಂತೆ ಅಂಗಡಿ ಇಟ್ಟು ವ್ಯಾಪಾರ ಮಾಡೋಕೆ ಎಲ್ಲ ಮಟ್ಟದೋರೂ ಬೇಕು. ಎಷ್ಟೋ ಸಲ ಬರವಣಿಗೆಲಿ ಹಿಂದಿರೋ ಮಗು ಚಿಲ್ಲರೆ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರತ್ತೆ, ಅಪ್ಪನ ಜೊತೆ ಸಂತೇಲಿ ತರಕಾರಿ ಮಾರಿರತ್ತೆ, ನೂರು ರೂಪಾಯಿ ಕೊಟ್ಟು 63 ರೂಪಾಯಿ ಸಾಮಾನಿಗೆ ಎಷ್ಟು ವಾಪಸ್ ಅಂದ್ರೆ 63ರಿಂದ ಮೇಲಕ್ಕೆ ಎಣಿಸ್ಕೊಂಡು ಏಳು, ಮೂವತ್ತು, 37 ಅಂತ ತಟ್ಟಂತ ಹೇಳತ್ತೆ. ಆ ಮಗು ಅವತ್ತು ಗುಂಪಿಗೆ ಲೀಡರ್ರು. ಮಟ್ಟದ ಗುಂಪಲ್ಲಿ ಇದು ನಮಗೆ ಕಾಣಿಸೋದೇ ಇಲ್ಲ.

ಆದ್ರೆ ಕಾಪಿ ಹೊಡೆಯೋದು ನಿಜವಾದ ತೊಂದರೆ. ನನಗೆ ಉಪಯೋಗಕ್ಕೆ ಬಂದ ಎರಡು ಕಟ್ಟುಪಾಡು ಹೇಳ್ತೀನಿ. ಗುಂಪಿಗೆ ಒಂದೇ ಪೆನ್ಸಿಲ್ಲು, ಒಂದೊಂದು ಹೆಜ್ಜೆಗೂ ಅದು ಕೈ ಬದಲಾಯಿಸ್ಬೇಕು, ಬೇರೆಯೋರು ಬಾಯಲ್ಲಿ ಹೇಳ್ಕೊಡ್ಬಹುದು ಕೈ ಹಾಕೋ ಹಾಗಿಲ್ಲ. ಮತ್ತೆ ಕೊನೇಲಿ ಉತ್ತರ ಹೇಳೋರು ಯಾರು ಅಂತ ನಾನು ಆರಿಸ್ತೀನಿ, ಯಾರನ್ನ ಎಬ್ಬಿಸ್ತೀನಿ ಗೊತ್ತಿಲ್ಲದೇ ಇರೋದ್ರಿಂದ ಗೊತ್ತಿರೋರು ಗೊತ್ತಿಲ್ಲದೋರಿಗೆ ಹೇಳ್ಕೊಡ್ತಾರೆ. ಇಷ್ಟಾದ್ರೂ ಮೂಲ ಕ್ರಿಯೆಗಳನ್ನ, ಅದರಲ್ಲೂ ಕಳೆಯೋ ಲೆಕ್ಕ ಭಾಗಾಕಾರನ, ಹೊಸದಾಗಿ ಕಲಿಸೋಕೆ ಮಿಶ್ರ ಗುಂಪು ಬೇಡ ಅಂತಲೇ ನಾನು ಹೇಳೋದು.

ಮೂಲೆಗಳು, ಅಂದ್ರೆ ಸುತ್ತೋ ಗುಂಪು

ವಿಡಿಯೋಗಳಲ್ಲಿ ನೋಡೋಕೆ ತುಂಬಾ ಚೆನ್ನಾಗಿರತ್ತೆ ಇದು. ರೂಮಿನ ನಾಲ್ಕು ಮೂಲೆಲಿ ನಾಲ್ಕು ಕೆಲಸ, ಒಂದು ಟೀಚರ್ ಮೂಲೆ, ಒಂದು ಸಾಮಗ್ರಿ ಮೂಲೆ, ಒಂದು ಆಟದ ಮೂಲೆ, ಒಂದು ಬರೆಯೋ ಮೂಲೆ, ಗಂಟೆ ಹೊಡೆದಾಗ ಎಲ್ಲರೂ ಮುಂದಿನ ಮೂಲೆಗೆ. ಲೆಕ್ಕ ಹಾಕಿ ನೋಡಿ ಆದ್ರೆ. ನಾಲ್ಕು ಮೂಲೆಗೆ ಹತ್ತತ್ತು ನಿಮಿಷ ಅಂದ್ರೆ 40 ನಿಮಿಷ ಅಲ್ಲೇ ಮುಗೀತು, ಏನ್ ಮಾಡ್ಬೇಕು ಅಂತ ಹೇಳೋಕೆ ಐದು ನಿಮಿಷ ಇಲ್ಲ, ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗಿ ಕೂರೋಕೆ ಎರಡು ಮೂರು ನಿಮಿಷ ಹೋಗತ್ತೆ ಅದೂ ಇಲ್ಲ. ನಾನು ಮೊದಲನೇ ಸಲ ಮಾಡಿದಾಗ ಕೊನೇ ಗುಂಪು ನನ್ನ ಹತ್ರ ಬರೋ ಹೊತ್ತಿಗೆ ಬೆಲ್ ಹೊಡೀತು, ಆ ಗುಂಪಲ್ಲೇ 3005 ಬರೆಯೋ ಮಕ್ಕಳಿದ್ದಿದ್ದು.

ಒಂದೇ ಪೀರಿಯಡ್ ಇದ್ರೆ ದಿನಕ್ಕೆ ಎರಡೇ ಸುತ್ತು ಇಡಿ: ಐದು ನಿಮಿಷ ಸೂಚನೆ, ಹದಿನೈದು ನಿಮಿಷ ಒಂದು ಸುತ್ತು, ಎರಡು ನಿಮಿಷ ಬದಲಾವಣೆ, ಮತ್ತೆ ಹದಿನೈದು ನಿಮಿಷ, ಕೊನೆಗೆ ಮೂರು ನಿಮಿಷ ಎತ್ತಿಡೋಕೆ. ಆಗ ಪ್ರತಿ ಗುಂಪಿಗೂ ನೀವು ದಿನ ಬಿಟ್ಟು ದಿನ ಸಿಗ್ತೀರಿ. 80 ನಿಮಿಷ ಜೋಡಿಸ್ಕೊಳ್ಳೋಕೆ ಆಗೋರು ನಾಲ್ಕೂ ಸುತ್ತು ಮಾಡ್ಬಹುದು. ಇಲ್ಲಿ ಆಟದ ಮೂಲೆಗೆ ದುಡ್ಡು ಖರ್ಚು ಮಾಡ್ಬೇಡಿ, ಹಾವು ಏಣಿ ಆಟ ನೂರರವರೆಗೆ ಸಂಖ್ಯೆ ಓದ್ಸತ್ತೆ, ಚೌಕಾಬಾರ ಕವಡೆ ಎಣಿಸಿ ಮನೆ ಲೆಕ್ಕ ಹಾಕ್ಸತ್ತೆ, ಅಳಗುಳಿಮಣೆಲಂತೂ ಎರಡು ಸಾಲಲ್ಲಿ ಏಳೇಳು ಗುಣಿ, ಒಂದೊಂದಕ್ಕೆ ಐದೈದು ಹುಣಸೆ ಬೀಜ ಹಾಕಿ ಒಟ್ಟು ಎಷ್ಟು ಅಂತ ಕೇಳಿ ನೋಡಿ, 14 ಐದಲೆ 70 ಅಂತ ಮಗ್ಗಿ ಪುಸ್ತಕ ಇಲ್ದೇ ಬರತ್ತೆ, ಆಮೇಲೆ ಬೀಜ ಹಂಚ್ತಾ ಹೋಗೋದೇ ಭಾಗಾಕಾರಕ್ಕೆ ದಾರಿ.

ಇದಕ್ಕೆ ಬೇಕಾಗಿರೋದು ನಿಮ್ಮ ತಯಾರಿ. ದಿನಾ ಮೂರು ಬೇರೆ ಕೆಲಸ ಸಿದ್ಧ ಇರ್ಬೇಕು. ನಾನು ಕಂಡ್ಕೊಂಡ ದಾರಿ ಅಂದ್ರೆ ಮೂಲೆ ಕೆಲಸನ ವಾರಕ್ಕೊಂದ್ಸಲ ಮಾತ್ರ ಬದಲಾಯಿಸೋದು, ಸೋಮವಾರ ಇಟ್ಟ ಆಟನೇ ಶನಿವಾರದವರೆಗೂ ಇರತ್ತೆ, ಮಕ್ಕಳಿಗೆ ಬೇಜಾರಾಗಲ್ಲ, ನಿಜ ಹೇಳ್ಬೇಕಂದ್ರೆ ಬುಧವಾರದ ಹೊತ್ತಿಗೆ ಇನ್ನೂ ಚೆನ್ನಾಗಿ ಆಡ್ತಾರೆ ಯಾಕಂದ್ರೆ ಆಟದ ಕಟ್ಟುಪಾಡು ಅರ್ಥ ಆಗಿರತ್ತೆ. ಆದ್ರೂ ಮೊದಲ ವರ್ಷದ ಟೀಚರಿಗೆ, ಒಂದು ರೂಮಲ್ಲಿ 40 ಮಕ್ಕಳಿರೋರಿಗೆ, ಇದರಿಂದ ಶುರು ಮಾಡಿ ಅಂತ ನಾನು ಹೇಳಲ್ಲ.

ನಲಿ-ಕಲಿ ತಟ್ಟೆಗಳು

1ರಿಂದ 3ನೇ ತರಗತಿ ತಗೊಳ್ಳೋರಿಗೆ ಈ ಹೋಲಿಕೆನೇ ಬೇಕಾಗಿಲ್ಲ ಅನ್ನಿಸ್ಬಹುದು, ಯಾಕಂದ್ರೆ ಅಲ್ಲಿ ನಲಿ-ಕಲಿ, ಅಂದ್ರೆ ಕಾರ್ಡು ಹಿಡಿದು ಅವರವರ ವೇಗದಲ್ಲಿ ಗುಂಪಲ್ಲಿ ಕಲಿಯೋ ಪದ್ಧತಿ, ಮೊದಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯವರ ಮಾದರಿ ನೋಡ್ಕೊಂಡು ಬಂದ ಟೀಚರುಗಳು ಯುನಿಸೆಫ್ ಬೆಂಬಲದಲ್ಲಿ ಶುರು ಮಾಡಿದ್ದು, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಸಹಪಾಠಿಗಳ ಪೂರ್ಣ ಸಹಾಯ, ಸಹಪಾಠಿಗಳ ಭಾಗಶಃ ಸಹಾಯ, ಸ್ವಕಲಿಕೆ ಅಂತ ಐದು ತಟ್ಟೆ, ಮಗು ಕಲಿಕಾ ಏಣಿ (ಯಾವುದಾದ್ಮೇಲೆ ಯಾವ್ದು ಕಲೀಬೇಕು ಅಂತ ತೋರ್ಸೋ ಚಾರ್ಟು) ನೋಡಿ ಕಾರ್ಡ್ ತಗೊಂಡು ಆ ಕಾರ್ಡಿಗೆ ಸರಿಯಾದ ತಟ್ಟೆಗೆ ಹೋಗಿ ಕೂರತ್ತೆ. ಇದರ ದೊಡ್ಡ ಗುಣ ಏನಂದ್ರೆ ಗುಂಪು ಮಗುಗೆ ಅಂಟಿಲ್ಲ, ಕೆಲಸಕ್ಕೆ ಅಂಟಿದೆ. ಒಂದೇ ಮಗು ಇವತ್ತು ಟೀಚರ್ ಹತ್ರ, ನಾಳೆ ಗೆಳತಿ ಹತ್ರ, ನಾಡಿದ್ದು ಒಂಟಿಯಾಗಿ. ಮೇಲೆ ಹೇಳಿದ ಮರ್ಯಾದೆ ತೊಂದರೆ ಇಲ್ಲಿ ಹುಟ್ಟೋದೇ ಇಲ್ಲ. ತೊಂದರೆ ಬರೋದು ಎಲ್ಲಿ ಅಂದ್ರೆ ಕಾರ್ಡು ಕಳೆದುಹೋದಾಗ, ಮತ್ತೆ ಮೊದಲನೇ ತಟ್ಟೆಲಿ ಮಕ್ಕಳು ತುಂಬಿ ತುಳುಕಿದಾಗ, ಆಗ ಮಕ್ಕಳು ಕಾಯ್ತಾ ಕೂರ್ತಾರೆ.

ನಾನು 4-5ರ ಟೀಚರಾಗಿ ಇದನ್ನ ಇಲ್ಲಿ ಯಾಕೆ ಸೇರಿಸಿದೆ ಅಂದ್ರೆ, ಮೂರು ವರ್ಷ ನೆಲದ ಮೇಲೆ ಗುಂಪಲ್ಲಿ ಕೂತು ಬಂದ ಮಕ್ಕಳನ್ನ ನಾವು 4ನೇ ಕ್ಲಾಸಿಗೆ ಬಂದ ತಕ್ಷಣ ಸಾಲಾಗಿ ಕೂರಿಸಿ ಬೋರ್ಡ್ ನೋಡಿ ಅಂತೀವಿ. ಗುಂಪಲ್ಲಿ ಕೆಲಸ ಮಾಡೋದು ಆ ಮಕ್ಕಳಿಗೆ ಮೊದಲೇ ಗೊತ್ತಿದೆ, ಗೆಳೆಯನ್ನ ಕೇಳಿ ಆಮೇಲೆ ಟೀಚರನ್ನ ಕೇಳೋ ಅಭ್ಯಾಸ ಇದೆ. ದಯವಿಟ್ಟು ಅದನ್ನ ಮರೆಸ್ಬೇಡಿ, ಕೆಳಗಿನ ತರಗತಿ ಟೀಚರ್ ಹತ್ರ ಹೋಗಿ ಯಾವ ಮಗು ಕಲಿಕಾ ಏಣಿಯ ಯಾವ ಮೈಲಿಗಲ್ಲಲ್ಲಿತ್ತು ಅಂತ ಕೇಳಿ, ನಿಮ್ಮ ಮೂರು ದಿನದ ಪರೀಕ್ಷೆ ಕೆಲಸ ಒಂದು ದಿನಕ್ಕೆ ಇಳಿಯತ್ತೆ.

ಜೋಡಿ

ಉದ್ದ ಬೆಂಚು, 45-50 ಮಕ್ಕಳು, ಓಡಾಡೋಕೆ ಜಾಗ ಇಲ್ಲ, ಅನುದಾನಿತ ಶಾಲೆ ಖಾಸಗಿ ಶಾಲೆ ಟೀಚರುಗಳು ಹೆಚ್ಚಾಗಿ ಇದನ್ನೇ ಹೇಳ್ತಾರೆ. ಪಕ್ಕದಲ್ಲಿ ಕೂತೋರೇ ಜೋಡಿ, ಏನೂ ಜರುಗಿಸ್ಬೇಕಾಗಿಲ್ಲ. ಒಬ್ಬರು ಲೆಕ್ಕ ಮಾಡ್ತಾರೆ ಇನ್ನೊಬ್ಬರು ಜೋರಾಗಿ ಕಾರಣ ಕೇಳ್ತಾರೆ, ಮುಂದಿನ ಲೆಕ್ಕಕ್ಕೆ ಅದಲು ಬದಲು. ಅಭ್ಯಾಸಕ್ಕೆ, ಮಗ್ಗಿಗೆ, ಬಾಯಿಲೆಕ್ಕಕ್ಕೆ ಒಳ್ಳೇದು. ತುಂಬಾ ಬರೋ ಮಗುನ ಏನೂ ಬರದ ಮಗು ಪಕ್ಕ ಕೂರಿಸ್ಬೇಡಿ, ಒಂದು ಮೆಟ್ಟಿಲಷ್ಟೇ ವ್ಯತ್ಯಾಸ ಇರ್ಲಿ. ಗುಂಪೇ ಬೇಕು ಅನ್ಸಿದಾಗ ಮುಂದಿನ ಬೆಂಚಿನ ಮಕ್ಕಳನ್ನ ಹಿಂದಕ್ಕೆ ತಿರುಗಿ ಕೂರೋಕೆ ಹೇಳಿ, ಬೆಂಚಿಗೆ ಮೂವರಂತೆ ಆರು ಮಕ್ಕಳ ಗುಂಪು ಆಯ್ತು.

ಚಾಪೆ ಗುಂಪು

ಈ ಹೆಸರು ನಾನಿಟ್ಕೊಂಡಿದ್ದು. ಇಡೀ ಕ್ಲಾಸಿಗೆ ಒಟ್ಟಿಗೆ ಹದಿನೈದು ನಿಮಿಷ ಪಾಠ, ಆಮೇಲೆ ಎಲ್ಲರಿಗೂ ಇಪ್ಪತ್ತು ನಿಮಿಷ ಅಭ್ಯಾಸ, ಆ ಇಪ್ಪತ್ತು ನಿಮಿಷದಲ್ಲಿ ನಾನು ಮೂಲೇಲಿ ಚಾಪೆ ಹಾಸಿ ಐದಾರು ಮಕ್ಕಳನ್ನ ಮಾತ್ರ ಕರೆದು ಕೂರಿಸ್ಕೊಳ್ಳೋದು. ಯಾರನ್ನ ಅಂದ್ರೆ ನಿನ್ನೆ ನೋಟ್‌ಬುಕ್ ತಿದ್ದುವಾಗ ಒಂದೇ ಥರ ತಪ್ಪು ಮಾಡಿರೋರನ್ನ. ಸೋಮವಾರ 3005 ಬರೆಯೋರು, ಮಂಗಳವಾರ ಉಲ್ಟಾ ಕಳೆಯೋರು, ಬುಧವಾರ ಮಾತಿನ ಲೆಕ್ಕದಲ್ಲಿ ಕೂಡೋದಾ ಕಳೆಯೋದಾ ಅಂತ ಗೊಂದಲ ಆಗೋರು. ಗುಂಪು ಅಂತ ಖಾಯಂ ಏನೂ ಇಲ್ಲ.

ಎಲ್ಲಾ ಪದ್ಧತಿ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಬ್ಬಂಟಿ ಟೀಚರಿಗೆ, ಹೊಸಬರಿಗೆ, ಜಾಗ ಕಮ್ಮಿ ಇರೋರಿಗೆ ನಾನು ಕಣ್ಮುಚ್ಚಿ ಹೇಳೋದು ಇದನ್ನೇ. ತಯಾರಿ ಒಂದು ಗುಂಪಿಗೆ ಮಾತ್ರ ಬೇಕು. ಗಲಾಟೆ ಕಮ್ಮಿ, ಎಲ್ಲರೂ ಅವರವರ ಜಾಗದಲ್ಲೇ ಇರ್ತಾರೆ. ನಾನು ಮೊದಲೇ ಹೇಳಿದ ಹತ್ತು ನಿಮಿಷ ಖಂಡಿತ ಸಿಗತ್ತೆ. ಕೊರತೆ ಏನಂದ್ರೆ ವೇಗ, ದಿನಕ್ಕೆ ಐದಾರು ಮಕ್ಕಳೇ ಸಿಗೋದು, ಅರ್ಧ ಕ್ಲಾಸು ಎರಡಂಕಿನೇ ಓದಲ್ಲ ಅನ್ನೋ ಪರಿಸ್ಥಿತಿಲಿ ಇದು ಸಾಲಲ್ಲ, ಅಲ್ಲಿ ಎರಡು ಮೂರು ತಿಂಗಳಾದ್ರೂ ಮಟ್ಟದ ಗುಂಪೇ ಮಾಡ್ಬೇಕು. ಇನ್ನೊಂದು, ಚಾಪೆಗೆ ಬರೀ ಕಷ್ಟ ಪಡೋ ಮಕ್ಕಳನ್ನೇ ಕರೆದ್ರೆ ಅದು ಇನ್ನೊಂದು ಸೇವಂತಿಗೆ ಆಗ್ಬಿಡತ್ತೆ, ಅದಕ್ಕೆ ವಾರಕ್ಕೊಂದಿನ ಮುಂದಿರೋ ಮಕ್ಕಳನ್ನೂ ಕರೆದು ತಲೆ ತಿನ್ನೋ ಲೆಕ್ಕ ಕೊಡ್ತೀನಿ. ಈಗ "ಮಿಸ್ ನಮ್ಮನ್ನ ಯಾವಾಗ ಚಾಪೆಗೆ ಕರೀತೀರಾ" ಅಂತ ಅವರೇ ಕೇಳ್ತಾರೆ.

ಹಾಗಾದ್ರೆ ಯಾರಿಗೆ ಯಾವ್ದು

ಇದರಲ್ಲಿ ಒಂದನ್ನೇ ಆರಿಸಿ ವರ್ಷಪೂರ್ತಿ ಹಿಡ್ಕೊಂಡು ಕೂರ್ಬೇಕು ಅಂತ ಇಲ್ಲ, ಪಾಠ ನೋಡಿ ಬದಲಾಯಿಸ್ಬಹುದು. ನನ್ನ ಈಗಿನ ಲೆಕ್ಕ ಹೀಗೆ: ಜುಲೈ, ಆಗಸ್ಟ್ ಎರಡು ತಿಂಗಳು ಸಂಖ್ಯೆ, ಕೂಡು ಕಳೆಗೆ ಮಟ್ಟದ ಗುಂಪು, ಆಮೇಲೆ ದಿನಾ ಚಾಪೆ ಗುಂಪು, ಅಳತೆ ದುಡ್ಡು ಆಕೃತಿ ಪಾಠ ಬಂದಾಗ ಮಿಶ್ರ ಗುಂಪು, ಮಗ್ಗಿಗೆ ಯಾವಾಗ್ಲೂ ಜೋಡಿ. ಕಿರಿಯ ಪ್ರಾಥಮಿಕ ಶಾಲೆಲಿ ಇಬ್ಬರೇ ಇದ್ದು ಒಬ್ಬರು ನಲಿ-ಕಲಿ ನೋಡ್ಕೊಂಡು ನೀವು 4-5 ನೋಡೋರಾದ್ರೆ ನನ್ನ ಥರನೇ ಮಾಡಿ. ಏಕೋಪಾಧ್ಯಾಯ ಶಾಲೆಯವರು, ಐದೂ ಕ್ಲಾಸು ನಿಮ್ಮ ತಲೆ ಮೇಲಿದ್ರೆ, ತಟ್ಟೆ ಪದ್ಧತಿನೇ ಮೇಲಿನ ಕ್ಲಾಸಿಗೂ ಎಳೆಯಿರಿ, ದೊಡ್ಡ ಮಕ್ಕಳಿಗೆ ಸ್ವಕಲಿಕೆ ಕೆಲಸ ಜಾಸ್ತಿ ಕೊಡಿ, ಬೇರೆ ಏನಕ್ಕೂ ಕೈ ಹಾಕ್ಬೇಡಿ. ಅತಿಥಿ ಶಿಕ್ಷಕರು ಸಿಕ್ಕಿದಾರೆ, ರೂಮಿದೆ, ಪೀರಿಯಡ್ ಜೋಡಿಸೋಕೆ ಹೆಡ್ಮಾಸ್ಟ್ರು ಒಪ್ಪಿದಾರೆ ಅನ್ನೋರು ಮೂಲೆಗಳನ್ನ ಧೈರ್ಯವಾಗಿ ಮಾಡಿ, ಮಕ್ಕಳು ಅದನ್ನ ತುಂಬಾ ಇಷ್ಟ ಪಡ್ತಾರೆ.

ಖರ್ಚಿನ ವಿಷಯಕ್ಕೆ ಬಂದ್ರೆ, ಏನೂ ದುಡ್ಡಿಲ್ಲ ಅಂದ್ರೂ ತೆಂಗಿನ ಪೊರಕೆ ಕಡ್ಡಿನ ಬೆರಳುದ್ದ ಮುರಿದು ಹತ್ತತ್ತರ ಕಟ್ಟು ಮಾಡ್ಕೊಂಡ್ರೆ, ಹಳೇ ಕ್ಯಾಲೆಂಡರ್ ಕತ್ತರಿಸಿ ಸಂಖ್ಯೆ ಕಾರ್ಡು ಮಾಡ್ಕೊಂಡ್ರೆ, ಒಂದು ಡಬ್ಬಿ ಹುಣಸೆ ಬೀಜ ಇದ್ರೆ ಮಟ್ಟದ ಗುಂಪಿಗೂ ಚಾಪೆಗೂ ಅಷ್ಟೇ ಸಾಕು. ಇನ್ನೂರು ಮುನ್ನೂರು ರೂಪಾಯಿ ಹಾಕೋಕಾಗತ್ತೆ ಅಂದ್ರೆ ಐಸ್‌ಕ್ರೀಮ್ ಕಡ್ಡಿ, ರಬ್ಬರ್ ಬ್ಯಾಂಡು, ನಾಲ್ಕು ದಾಳ ತಗೊಳ್ಳಿ, ಆಟದ ನೋಟುಗಳನ್ನ ಮಕ್ಕಳ ಕೈಲೇ ಬರೆಸಿ. ಲ್ಯಾಮಿನೇಷನ್ನಿಗೆ ದುಡ್ಡು ಹಾಕ್ಬೇಡಿ, ಅಂದವಾದ ಕಾರ್ಡು ಹಾಳಾಗತ್ತೆ ಅಂತ ನಾವೇ ಮಕ್ಕಳ ಕೈಗೆ ಕೊಡಲ್ಲ. ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಕಿಟ್ಟು ನಿಮ್ಮ ಶಾಲೆಗೆ ಬಂದಿದ್ರೆ ಬೀರು ತೆಗೆದು ನೋಡಿ, ಮಣಿಚೌಕಟ್ಟು, ದಶಮಾನ ಬ್ಲಾಕು, ಭಿನ್ನರಾಶಿ ಪಟ್ಟಿ, ಗಡಿಯಾರ ಎಲ್ಲ ಅದರಲ್ಲೇ ಇದೆ. ಒಂದೇ ಕಿಟ್ಟು ಇಡೀ ಕ್ಲಾಸಿಗೆ ಸಾಲಲ್ಲ ಅಂತ ಎಷ್ಟೋ ಜನ ಅದನ್ನ ಮುಟ್ಟಲ್ಲ, ಆದ್ರೆ ಚಾಪೆ ಮೇಲೆ ಕೂತ ಆರು ಮಕ್ಕಳಿಗೆ ಅದು ಧಾರಾಳ.

ಇನ್ನು ಶುರು ಮಾಡೋ ವಾರ. ಯಾವ ಪದ್ಧತಿ ಆದ್ರೂ ಮೊದಲ ವಾರ ಹೊಸ ಗಣಿತ ಕಲಿಸೋಕೆ ಹೋಗ್ಬೇಡಿ, ಮಕ್ಕಳಿಗೆ ಮೊದಲೇ ಚೆನ್ನಾಗಿ ಬರೋ ಲೆಕ್ಕ ಕೊಟ್ಟು ನೀವಿಲ್ದೇ ಕೆಲಸ ಮಾಡೋ ಅಭ್ಯಾಸ ಮಾಡ್ಸಿ. ಮೊದಲ ದಿನ ಐದು ನಿಮಿಷ, ಎರಡನೇ ದಿನ ಎಂಟು ನಿಮಿಷ, ಹೀಗೆ ಹದಿನೈದಕ್ಕೆ ತನ್ನಿ. ಅರ್ಥ ಆಗ್ಲಿಲ್ಲ ಅಂದ್ರೆ ಮೊದಲು ಪಕ್ಕದೋರನ್ನ, ಆಮೇಲೆ ಗುಂಪಿನ ಲೀಡರನ್ನ ಕೇಳ್ಬೇಕು, ಆಗ್ಲೂ ಆಗ್ಲಿಲ್ಲ ಅಂದ್ರೆ ಆ ಲೆಕ್ಕಕ್ಕೆ ಒಂದು ಚುಕ್ಕೆ ಇಟ್ಟು ಮುಂದಿನದಕ್ಕೆ ಹೋಗ್ಬೇಕು. ಸಂಜೆ ನೋಟ್‌ಬುಕ್ ತೆಗೆದಾಗ ಆ ಚುಕ್ಕೆಗಳನ್ನ ಎಣಿಸಿ, ಒಂದೇ ಲೆಕ್ಕದ ಮೇಲೆ ಯಾರ್ಯಾರು ಚುಕ್ಕೆ ಇಟ್ಟಿದಾರೋ ಅವರನ್ನೇ ನಾಳೆ ಚಾಪೆಗೆ ಕರೀರಿ.